ಚೆರ್ರಿ-ಪ್ಲಮ್ ಮೇಲಿನ ತೀರ್ಪು ತಪ್ಪು

ಉತ್ತರ ಅಮೆರಿಕದ ನಡುಬಯಲಿನಲ್ಲಿ ಹಣ್ಣಿನ ಗಿಡ ಬೆಳೆಸುವವರನ್ನು ಚೆರ್ರಿ-ಪ್ಲಮ್ ಬಗ್ಗೆ ಕೇಳಿ ನೋಡಿ. ದಕ್ಷಿಣ ಡಕೋಟಾ ಇರಲಿ, ಮಿನ್ನೆಸೋಟಾ ಇರಲಿ, ಗಡಿಯಾಚೆ ಕೆನಡಾದ ಮ್ಯಾನಿಟೋಬಾ ಇರಲಿ, ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: ಅದು ಅಜ್ಜ-ಅಜ್ಜಿಯರ ಕಾಲದ ಹಣ್ಣು, ಬೇರೇನೂ ಬದುಕದ ಚಳಿಯಲ್ಲಿ ಜನ ಬೇರೆ ದಾರಿಯಿಲ್ಲದೆ ನೆಟ್ಟುಕೊಂಡಿದ್ದರು, ಈಗ ಒಳ್ಳೆಯ ಚೆರ್ರಿಯೂ ಒಳ್ಳೆಯ ಪ್ಲಮ್ಮೂ ಬಂದಿರುವುದರಿಂದ ಅದರ ಕೆಲಸ ಮುಗಿಯಿತು. ತೋಟಗಾರಿಕೆಯ ಪುಸ್ತಕಗಳದ್ದೂ ಇದೇ ಧಾಟಿ. ಒಂದು ಪ್ಯಾರಾ ಇತಿಹಾಸ, ನಾಲ್ಕಾರು ತಳಿಗಳ ಹೆಸರು, ಆಮೇಲೆ ಮೂರು ದೋಷ: ಹಣ್ಣು ಸಣ್ಣದು, ಸಿಪ್ಪೆ ಒಗರು, ಗಿಡಕ್ಕೆ ಆಯಸ್ಸು ಕಡಿಮೆ.

ಮಿನ್ನೆಸೋಟಾದ ಹಿತ್ತಲಲ್ಲಿ ಈ ಗಿಡಗಳನ್ನು ಸಾಕಿಕೊಂಡಿರುವ ನಾನು ಈ ತೀರ್ಪನ್ನು ಒಪ್ಪುವುದಿಲ್ಲ. ಆ ಮೂರು ದೋಷಗಳು ಸುಳ್ಳೆಂದು ಹೇಳಲು ಬರುವುದಿಲ್ಲ. ಆದರೆ ಅಂಗಡಿಯಲ್ಲಿ ಮಾರುವ ಹಣ್ಣಿಗೆಂದು ಮಾಡಿಕೊಂಡ ಅಳತೆಯನ್ನು ಮನೆಬಳಕೆಗೆಂದು ಹುಟ್ಟಿಸಿದ ಹಣ್ಣಿಗೆ ಹಚ್ಚಿದ್ದರಿಂದ ಬಂದ ತೀರ್ಪು ಅದು. ಸಾಲದೆಂಬಂತೆ, ಗಿಡ ನೋಡಿಕೊಳ್ಳುವ ಕ್ರಮವನ್ನು ನಾವು ಮರೆತದ್ದನ್ನೂ, ತಳಿ ಸುಧಾರಣೆಯನ್ನು ಅರ್ಧಕ್ಕೆ ಕೈಬಿಟ್ಟದ್ದನ್ನೂ ಗಿಡದ ತಲೆಗೇ ಕಟ್ಟಿದ್ದೇವೆ.

ಯಾವ ಗಿಡದ ಮಾತು ಇದು ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ನೆಬ್ರಾಸ್ಕಾದ ಮರಳುಗುಡ್ಡಗಳಿಂದ ಡಕೋಟಾಗಳ ಮೂಲಕ ಮ್ಯಾನಿಟೋಬಾದವರೆಗೆ ಹಬ್ಬಿರುವ ಕುಳ್ಳು ಪೊದೆ ಸ್ಯಾಂಡ್ ಚೆರ್ರಿ. ಎತ್ತರ ಸೊಂಟದ ಮಟ್ಟ. ವಸಂತದಲ್ಲಿ ಟೊಂಗೆ ಮುಚ್ಚುವಷ್ಟು ಬಿಳಿ ಹೂ, ಬೇಸಿಗೆ ಮುಗಿಯುತ್ತ ಬಂದ ಹಾಗೆ ಗೋಲಿ ಗಾತ್ರದ ಕಪ್ಪುನೇರಳೆ ಹಣ್ಣು. 1894ರಲ್ಲಿ ಲಿಬರ್ಟಿ ಹೈಡ್ ಬೈಲಿ ಎಂಬ ತೋಟಗಾರಿಕಾ ವಿಜ್ಞಾನಿ, ನೆಬ್ರಾಸ್ಕಾದ ಸಸ್ಯವಿಜ್ಞಾನಿ ಚಾರ್ಲ್ಸ್ ಬೆಸ್ಸಿಯ ಗೌರವಕ್ಕೆ ಇದನ್ನು ಪ್ರೂನಸ್ ಬೆಸ್ಸಿಯೈ ಎಂದು ಕರೆದ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ, ಮರಳು ಕಾದು ಹುಲ್ಲೇ ಒಣಗುವ ಬೇಸಿಗೆಯನ್ನೂ ಇದು ತಡೆದುಕೊಳ್ಳುತ್ತದೆ. ಚೆರ್ರಿಯೆಂದು ಕರೆಸಿಕೊಂಡರೂ ಇದರ ರಕ್ತಸಂಬಂಧ ಪ್ಲಮ್ಮುಗಳ ಕಡೆಗೆ. ಸಿಹಿ ಚೆರ್ರಿಯ ಪರಾಗ ಇದಕ್ಕೆ ಹೊಂದುವುದಿಲ್ಲ. ಪ್ಲಮ್, ಏಪ್ರಿಕಾಟ್, ಪೀಚ್‌ಗಳದ್ದು ಹೊಂದುತ್ತದೆ. ಸ್ಯಾಂಡ್ ಚೆರ್ರಿಗೂ ಜಪಾನಿ ಪ್ಲಮ್ಮಿಗೂ ಅಮೆರಿಕದ ಕಾಡು ಪ್ಲಮ್ಮಿಗೂ ಇರುವುದು 16 ವರ್ಣತಂತುಗಳು, ಯುರೋಪಿನ ಪ್ಲಮ್ಮಿಗೆ 48. ಹೀಗಾಗಿ ಏಷ್ಯಾದ ದೊಡ್ಡ, ರಸಭರಿತ ಪ್ಲಮ್ಮನ್ನು ಈ ಮರಳುಗಾಡಿನ ಪೊದೆಯೊಡನೆ ಕೂಡಿಸಲು ಪ್ರಕೃತಿಯೇ ಬಾಗಿಲು ತೆರೆದಿಟ್ಟಿತ್ತು. ಆ ಬಾಗಿಲಿನಿಂದ ಬಂದ ಸಂಕರ ತಳಿಗಳನ್ನು ಬಯಲುಸೀಮೆಯವರು ಚೆರ್ರಿ-ಪ್ಲಮ್ ಎನ್ನುತ್ತಾರೆ. ಇದೇ ಹೆಸರಿನಿಂದ ಕರೆಯುವ ಪಶ್ಚಿಮ ಏಷ್ಯಾದ ಮಿರೊಬಲನ್ ಪ್ಲಮ್ ಬೇರೆ ಗಿಡ.

ತಳಿ ಸುಧಾರಕರ ತೋಟಕ್ಕೆ ಬರುವ ಮುಂಚೆಯೂ ಸ್ಯಾಂಡ್ ಚೆರ್ರಿಗೆ ಒಂದು ಚರಿತ್ರೆಯಿತ್ತು. ಮಿಸೌರಿ ನದಿ ಸೀಮೆಯ ಮೂಲನಿವಾಸಿಗಳು ಯಾವ ಗಿಡವನ್ನು ಹೇಗೆ ಬಳಸುತ್ತಾರೆಂದು ಬರೆದಿಟ್ಟ ಮೆಲ್ವಿನ್ ಗಿಲ್ಮೋರ್, 1919ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡಕೋಟಾ ಜನರ ಒಂದು ನಂಬಿಕೆಯನ್ನು ದಾಖಲಿಸಿದ್ದಾನೆ. ಸ್ಯಾಂಡ್ ಚೆರ್ರಿ ಕೀಳುವವರು ಗಾಳಿಗೆ ಎದುರಾಗಿ ನಡೆಯಬೇಕು. ಗಾಳಿಯ ಜತೆ ನಡೆದರೆ ಹಣ್ಣು ಕಹಿಯಾಗಿ ಒಗರಾಗುತ್ತದೆ. ಇದನ್ನು ಮೂಢನಂಬಿಕೆಯೆಂದು ಬದಿಗೆ ಸರಿಸುವ ಮುನ್ನ ಅದರ ಹಿಂದಿನ ಅನುಭವವನ್ನು ನೋಡಬೇಕು. ಒಂದೇ ದಿಬ್ಬದಲ್ಲಿ ಒಂದು ಪೊದೆಯ ಹಣ್ಣು ನಾಲಿಗೆ ಹಿಡಿದುಹಾಕುವಷ್ಟು ಒಗರು, ನಾಲ್ಕು ಮಾರು ಆಚೆಯ ಪೊದೆಯದ್ದು ಬಾಯಿಗೆ ಹಿತ. ತಲೆಮಾರುಗಳಿಂದ ಕಿತ್ತು ತಿಂದವರಿಗೆ ಈ ವ್ಯತ್ಯಾಸ ಗೊತ್ತಿತ್ತು, ಅದಕ್ಕೊಂದು ಕಾರಣವನ್ನೂ ಅವರು ಹುಡುಕಿಕೊಂಡಿದ್ದರು. ತಳಿ ಸುಧಾರಕನ ಪಾಲಿಗೆ ಇದಕ್ಕಿಂತ ದೊಡ್ಡ ಸುದ್ದಿಯಿಲ್ಲ. ಒಗರು ಈ ಜಾತಿಯ ಹಣೆಬರಹವಾಗಿದ್ದರೆ ಮಾಡುವುದೇನೂ ಇರಲಿಲ್ಲ. ಅದು ಪೊದೆಯಿಂದ ಪೊದೆಗೆ ಬದಲಾಗುವ ಗುಣವಾದ್ದರಿಂದ ಆರಿಸಿ, ಬಿತ್ತಿ, ಮತ್ತೆ ಆರಿಸಿ ತಗ್ಗಿಸಬಹುದು.

ಈ ಕೆಲಸಕ್ಕೆ ಕೈಹಾಕಿದವನು ನೀಲ್ಸ್ ಎಬ್ಬೆಸೆನ್ ಹ್ಯಾನ್ಸನ್. 1866ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವನು; ಅಯೋವಾದಲ್ಲಿ ಜೋಸೆಫ್ ಬಡ್ ಎಂಬ ಪ್ರಾಧ್ಯಾಪಕನ ಶಿಷ್ಯ; 1895ರಿಂದ ದಕ್ಷಿಣ ಡಕೋಟಾದ ಬ್ರೂಕಿಂಗ್ಸ್‌ನ ಕೃಷಿ ಕಾಲೇಜಿನಲ್ಲಿ ಪ್ರಾಧ್ಯಾಪಕ. ಗುರು ಬಡ್ 1882ರಲ್ಲಿ ರಷ್ಯಾಕ್ಕೆ ಹೋಗಿ ಅಲ್ಲಿನ ಸೇಬಿನ ತಳಿಗಳನ್ನು ತಂದಿದ್ದ. ಚಳಿದೇಶದ ಗಿಡ ಚಳಿದೇಶಕ್ಕೆ ಹೊಂದೀತು ಎಂಬ ಭರವಸೆ ಆಗ ಎಲ್ಲರಿಗೂ ಇತ್ತು, ಆದರೆ ಆ ಭರವಸೆಯ ಬಹುಪಾಲು ಕೈಕೊಟ್ಟಿತು. ಇನ್ನೊಂದು ನಂಬಿಕೆಯೂ ಚಾಲ್ತಿಯಲ್ಲಿತ್ತು: ಬೆಚ್ಚಗಿನ ಸೀಮೆಯ ಗಿಡವನ್ನು ಬೀಜದಿಂದ ಬೀಜಕ್ಕೆ ಸ್ವಲ್ಪಸ್ವಲ್ಪವೇ ಉತ್ತರಕ್ಕೆ ಸರಿಸುತ್ತ ಹೋದರೆ ಅದು ಚಳಿಗೆ ಒಗ್ಗಿಕೊಳ್ಳುತ್ತದೆ ಎಂಬುದು. ಹ್ಯಾನ್ಸನ್ ಇದನ್ನು ಕಡ್ಡಿ ಮುರಿದಂತೆ ತಿರಸ್ಕರಿಸಿದ. ಚಳಿ ತಡೆಯುವ ಗುಣ ಸಾವಿರಾರು ವರ್ಷಗಳ ಆಯ್ಕೆಯಿಂದ ಬರುವಂಥದ್ದು, ಒಬ್ಬ ಮನುಷ್ಯನ ಆಯಸ್ಸಿನಲ್ಲಿ ಅದನ್ನು ಗಿಡಕ್ಕೆ ಕಲಿಸಲಾಗದು. ಆ ಗುಣ ಈಗಾಗಲೇ ಇರುವ ಸ್ಥಳೀಯ ಕಾಡುಗಿಡದೊಡನೆ ಸಂಕರ ಮಾಡುವುದೊಂದೇ ದಾರಿ ಎಂಬುದು ಅವನ ನಿಲುವು. 1897ರಲ್ಲಿ ಅಮೆರಿಕದ ಕೃಷಿ ಇಲಾಖೆ ಅವನನ್ನು ರಷ್ಯಾ, ತುರ್ಕಿಸ್ತಾನ, ಸೈಬೀರಿಯಾಗಳಿಗೆ ಗಿಡ-ಬೀಜ ಹುಡುಕಲು ಕಳಿಸಿತು. ಅಷ್ಟು ದೂರ ಅಲೆದು ಬಂದವನು ಹಣ್ಣಿನ ವಿಷಯದಲ್ಲಿ ಭರವಸೆ ಇಟ್ಟದ್ದು ತನ್ನ ಕಾಲೇಜಿನ ಸುತ್ತಲ ಬಯಲಿನಲ್ಲೇ ಬೆಳೆಯುವ ಪೊದೆಯ ಮೇಲೆ.

ಅವನು ಕೆಲಸ ಮಾಡಿದ ರೀತಿಯೂ ಗಮನಾರ್ಹ. ಕಾಡಿನ ಹಣ್ಣಿನ ಬೀಜ ಬಿತ್ತಿ ಸಾವಿರಾರು ಸಸಿ ಎಬ್ಬಿಸಿ, ಅವುಗಳಲ್ಲಿ ಹಣ್ಣು ದೊಡ್ಡದಾದ, ಒಗರು ಕಡಿಮೆಯಾದ ಕೆಲವನ್ನಷ್ಟೇ ಉಳಿಸಿ, ಅವುಗಳ ಬೀಜವನ್ನು ಮತ್ತೆ ಬಿತ್ತುತ್ತ ಹೋದ. 1904ರಲ್ಲಿ ಸ್ಯಾಂಡ್ ಚೆರ್ರಿಯ ಬಗ್ಗೆಯೇ ಒಂದು ಪುಸ್ತಿಕೆ ಹೊರತಂದ. ಅದರ ಜತೆಜತೆಗೆ ಸಂಕರದ ಕೆಲಸ. ಸ್ಯಾಂಡ್ ಚೆರ್ರಿಯ ಹೂವಿಗೆ ಸುಲ್ತಾನ್ ಎಂಬ ಪ್ಲಮ್ಮಿನ ಪರಾಗ ಹಾಕಿ ಪಡೆದದ್ದು ಸಪಾ. ಗೋಲ್ಡ್ ಎಂಬ ಪ್ಲಮ್ಮಿನ ಪರಾಗದಿಂದ ಬಂದದ್ದು ಒಪಾಟಾ. ಎರಡೂ 1908ರಲ್ಲಿ ಜನರ ಕೈಗೆ ಬಂದವು. ತಳಿಗಳ ಹೆಸರನ್ನು ಅವನು ಡಕೋಟಾ ಭಾಷೆಯಿಂದಲೇ ಆರಿಸುತ್ತಿದ್ದ. ಸಪಾ ಎಂದರೆ ಕಪ್ಪು. ಹಣ್ಣನ್ನು ಕೊಯ್ದರೆ ಸಿಪ್ಪೆಯಿಂದ ವಾಟೆಯವರೆಗೆ ತಿರುಳೆಲ್ಲ ಕಡುಕೆಂಪು-ಕಪ್ಪು, ಬೆರಳಿಗೆ ಹತ್ತಿದ ಬಣ್ಣ ಮಾರನೆಯ ದಿನವೂ ಹೋಗುವುದಿಲ್ಲ. ಒಪಾಟಾದ ಸಿಪ್ಪೆ ನೇರಳೆಗೆಂಪು, ಒಳಗೆ ತಿರುಳು ಹಸಿರು. ಇವಕ್ಕೂ ಮುಂಚೆ, 1890ರ ದಶಕದಲ್ಲಿ, ಮಿನ್ನೆಸೋಟಾದ ಸ್ಪ್ರಿಂಗ್‌ಫೀಲ್ಡ್‌ನ ಹೆನ್ರಿ ನುಡ್ಸನ್ ಎಂಬಾತ ಸ್ಯಾಂಡ್ ಚೆರ್ರಿಯನ್ನು ಮೈನರ್ ಎಂಬ ಪ್ಲಮ್ಮಿನೊಡನೆ ಕೂಡಿಸಿ ಕಂಪಾಸ್ ಎಂಬ ತಳಿ ಕೊಟ್ಟಿದ್ದ. ಮುಂದೆ ಮಿನ್ನೆಸೋಟಾ ವಿಶ್ವವಿದ್ಯಾಲಯದ ತಳಿ ಕೇಂದ್ರದಿಂದ ಜುಂಬ್ರಾ, ಸೇಂಟ್ ಆಂತನಿ ಬಂದವು. ಮ್ಯಾನಿಟೋಬಾದ ಮಾರ್ಡನ್ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಡ್ಯೂರಾ, ಮ್ಯಾನರ್ ತಳಿಗಳನ್ನು ಕೊಟ್ಟಿತು.

ಇನ್ನು ಆರೋಪಗಳ ವಿಷಯಕ್ಕೆ ಬರೋಣ. ಮೊದಲನೆಯದು ರುಚಿ. ಸಪಾ ಹಣ್ಣನ್ನು ಗಿಡದಿಂದ ಕಿತ್ತು ಹಾಗೆಯೇ ಬಾಯಿಗೆ ಹಾಕಿಕೊಂಡರೆ ತಿರುಳು ಸಿಹಿ-ಹುಳಿ, ಹಿಂದೆಯೇ ಸಿಪ್ಪೆಯ ಒಗರು. ಇಷ್ಟಕ್ಕೆ ಇದು ಎರಡನೇ ದರ್ಜೆಯ ಹಣ್ಣು ಎಂದುಬಿಡುತ್ತಾರೆ. ಮಲೆನಾಡಿನವರು ಅಪ್ಪೆಮಿಡಿಯನ್ನು ಆಪೂಸಿನ ಪಕ್ಕದಲ್ಲಿಟ್ಟು ಸಿಹಿ ಸಾಲದೆಂದು ದೂರುವುದಿಲ್ಲ. ಅದರ ಸೊನೆಯ ಪರಿಮಳ, ಹುಳಿ, ಭರಣಿಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಗಟ್ಟಿತನ, ಇವೇ ಅದರ ಹಿರಿಮೆ. ಹೊಳೆದಂಡೆಯ ಒಂದೊಂದು ಮರಕ್ಕೂ ಒಂದೊಂದು ಹೆಸರಿಟ್ಟು ಕಸಿ ಕಟ್ಟಿ ಉಳಿಸಿಕೊಳ್ಳುತ್ತಾರೆ. ಚೆರ್ರಿ-ಪ್ಲಮ್ಮನ್ನೂ ಅದರ ಉಪಯೋಗದ ಮೇಲೆ ತೂಗುವುದು ನ್ಯಾಯ. ಬಯಲಿಗೆ ಬಂದು ನೆಲೆಸಿದ ನಾರ್ವೆ, ಸ್ವೀಡನ್, ಜರ್ಮನಿ ಮೂಲದ ಹೆಣ್ಣುಮಕ್ಕಳಿಗೆ ಬೇಕಿದ್ದದ್ದು ಆರು ತಿಂಗಳ ಚಳಿಗಾಲಕ್ಕೆ ಸಾಲುವಷ್ಟು ಜಾಮ್, ಸಾಸ್, ಬಾಟಲಿಯಲ್ಲಿ ತುಂಬಿಟ್ಟ ಹಣ್ಣು. ಬೇಯಿಸಿ ಸಿಪ್ಪೆ ಸೋಸಿದರೆ ಒಗರು ಬಹುಪಾಲು ಹೋಗುತ್ತದೆ. ಉಳಿದ ತುಸು ಒಗರು ಸಕ್ಕರೆಯನ್ನು ಹಿಡಿತದಲ್ಲಿಡುತ್ತದೆ, ಜಾಮ್ ಬರೀ ಸಿಹಿಯಾಗಿ ಮುಖ ತಿರುಗಿಸುವ ಹಾಗಾಗುವುದಿಲ್ಲ.

ನಮ್ಮ ಮನೆಯಲ್ಲಿ ಸಪಾ ಗೊಜ್ಜಾಗುತ್ತದೆ. ಹಣ್ಣನ್ನು ಸ್ವಲ್ಪವೇ ನೀರಿನಲ್ಲಿ ಬೇಯಿಸಿ, ಜಾಲರಿಯ ಮೇಲೆ ತಿಕ್ಕಿ ವಾಟೆ-ಸಿಪ್ಪೆ ಬೇರೆ ಮಾಡಿ, ಗಟ್ಟಿ ರಸಕ್ಕೆ ಬೆಲ್ಲ, ಉಪ್ಪು, ಹುರಿದು ಕುಟ್ಟಿದ ಮೆಂತ್ಯ, ಒಣಮೆಣಸಿನ ಪುಡಿ ಹಾಕಿ ಕುದಿಸಿದರೆ, ಹುಣಿಸೆಹಣ್ಣು ಬೇಕೇ ಆಗುವುದಿಲ್ಲ. ಮೆಂತ್ಯದ ಕಹಿ, ಹಣ್ಣಿನ ಒಗರು, ಬೆಲ್ಲದ ಸಿಹಿ ಒಂದಕ್ಕೊಂದು ಹೊಂದಿಕೊಂಡು, ಸಾಸಿವೆ-ಇಂಗಿನ ಒಗ್ಗರಣೆ ಬಿದ್ದ ಮೇಲೆ ಇದು ಮೈನಸ್ 40ರ ಸೀಮೆಯ ಹಣ್ಣು ಎಂದು ಯಾರಿಗೂ ಅನ್ನಿಸದು. ಅಂಗಡಿಯಲ್ಲಿ ಸಿಗುವ ದೊಡ್ಡ ಸಿಹಿ ಪ್ಲಮ್ಮಿನಿಂದ ಈ ಗೊಜ್ಜು ಆಗುವುದಿಲ್ಲ. ಸಪ್ಪೆಯಾಗಿ, ಬರೀ ಸಿಹಿಯಾಗಿ ಕೂತುಬಿಡುತ್ತದೆ. ಅಡುಗೆಮನೆಯಲ್ಲಿ ಒಗರಿಗೂ ಹುಳಿಗೂ ಕೆಲಸವಿದೆ. ಹಸಿಯಾಗಿ ತಿಂದು ಅಂಕ ಕೊಡುವ ಪರೀಕ್ಷೆಯಲ್ಲಿ ಆ ಕೆಲಸಕ್ಕೆ ಜಾಗವೇ ಇಲ್ಲ.

ಎರಡನೆಯ ಮಾತು ಚಳಿಗೆ ಸಂಬಂಧಿಸಿದ್ದು. ಇಲ್ಲಿ ಹೊಗಳುವವರೂ ತೆಗಳುವವರೂ ಒಂದೇ ತಪ್ಪು ಮಾಡುತ್ತಾರೆ. ಅಮೆರಿಕದ ಕೃಷಿ ಇಲಾಖೆ 1960ರಿಂದ ಪ್ರಕಟಿಸುತ್ತ ಬಂದಿರುವ, ಇತ್ತೀಚೆಗೆ 2023ರಲ್ಲಿ ಪರಿಷ್ಕರಿಸಿದ ಒಂದು ನಕಾಶೆಯಿದೆ. ಒಂದೊಂದು ಊರಿನಲ್ಲಿ ವರ್ಷದ ಅತಿ ಕಡಿಮೆ ಉಷ್ಣತೆಯ ಸರಾಸರಿ ತೆಗೆದು, ಅದರ ಪ್ರಕಾರ ದೇಶವನ್ನು ವಲಯಗಳಾಗಿ ಹಂಚಿದ್ದಾರೆ. ಮೂರನೇ ವಲಯವೆಂದರೆ ಸುಮಾರು ಮೈನಸ್ 40ರಿಂದ ಮೈನಸ್ 34 ಡಿಗ್ರಿ ಸೆಲ್ಸಿಯಸ್. ನರ್ಸರಿಯವರು ಗಿಡದ ಚೀಟಿಯ ಮೇಲೆ ಈ ವಲಯದ ಸಂಖ್ಯೆ ಹಾಕುತ್ತಾರೆ, ಕೊಳ್ಳುವವರು ಅದನ್ನೇ ವೇದವಾಕ್ಯ ಮಾಡಿಕೊಳ್ಳುತ್ತಾರೆ. ಗಿಡ ಬದುಕಿತು ಆದರೆ ಹಣ್ಣು ಬರಲಿಲ್ಲ ಎಂದಾದಾಗ ತಳಿಯನ್ನೇ ಸುಳ್ಳುಗಾರನನ್ನಾಗಿ ಮಾಡುತ್ತಾರೆ.

ನಿಜಸ್ಥಿತಿ ತಿಳಿಯಬೇಕಿದ್ದರೆ ಮಾರ್ಚ್ ಕೊನೆಗೆ ಒಂದು ಟೊಂಗೆ ಕತ್ತರಿಸಿ ತಂದು, ಒಂದು ದಿನ ಬೆಚ್ಚಗಿನ ಕೋಣೆಯಲ್ಲಿಟ್ಟು, ಹೂಮೊಗ್ಗನ್ನು ಬ್ಲೇಡಿನಿಂದ ಅಡ್ಡಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಬೇಕು. ಮೊಗ್ಗಿನ ಒಳಗೆಲ್ಲ ಎಳೆಹಸಿರು ಇದ್ದರೆ ಅದು ಬದುಕಿದೆ. ಸುತ್ತ ಹಸಿರಾಗಿದ್ದು ನಟ್ಟನಡುವೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಕಂಡರೆ ಹಣ್ಣಾಗಬೇಕಾದ ಭಾಗ ಸತ್ತಿದೆ. ಟೊಂಗೆ ಜೀವಂತ, ಎಲೆ ಚಿಗುರುತ್ತದೆ, ಒಮ್ಮೊಮ್ಮೆ ಹೂವೂ ಅರಳುತ್ತದೆ, ಹಣ್ಣು ಮಾತ್ರ ನಿಲ್ಲುವುದಿಲ್ಲ. ಕಟ್ಟಿಗೆಯ ಚಳಿ ತಡೆಯುವ ಶಕ್ತಿ ಬೇರೆ, ಹೂಮೊಗ್ಗಿನದು ಬೇರೆ. ಈ ಕುಲದ ಗಿಡಗಳ ಮೊಗ್ಗಿನೊಳಗಿನ ನೀರು ಸೊನ್ನೆಗಿಂತ ಎಷ್ಟೋ ಕೆಳಗೂ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿಯುತ್ತದೆ. ಆ ತಾಳಿಕೆಗೆ ಒಂದು ಮಿತಿಯಿದೆ, ಮಿತಿ ಮೀರಿದ ಕ್ಷಣ ನೀರು ಒಮ್ಮೆಲೇ ಹೆಪ್ಪಾಗಿ ಮೊಗ್ಗು ಸಾಯುತ್ತದೆ. ಮಿತಿ ಎಲ್ಲ ದಿನವೂ ಒಂದೇ ಇರುವುದಿಲ್ಲ. ಜನವರಿಯ ಗಟ್ಟಿ ಚಳಿಯಲ್ಲಿ ಅದು ಆಳಕ್ಕಿಳಿದಿರುತ್ತದೆ. ಫೆಬ್ರುವರಿಯಲ್ಲಿ ನಾಲ್ಕು ದಿನ ಬಿಸಿಲು ಕಾದರೆ ಮೇಲೆ ಬರುತ್ತದೆ. ಆಮೇಲೆ ಮೈನಸ್ 25 ಬಂದರೂ ಸಾಕು, ನಷ್ಟ ಖಚಿತ. ಆಲ್ಬರ್ಟಾದಲ್ಲಿ ಶಿನೂಕ್ ಎಂಬ ಬಿಸಿಗಾಳಿ ನಡುಚಳಿಗಾಲದಲ್ಲಿ ಗಂಟೆಗಳೊಳಗೆ ಹಿಮ ಕರಗಿಸಿ ಹೋಗುವ ಊರುಗಳಲ್ಲಿ ವಾಟೆಹಣ್ಣಿನ ಗಿಡಗಳು ಕಷ್ಟಪಡುವುದು ಇದಕ್ಕೇ. ವಲಯದ ನಕಾಶೆಯಲ್ಲಿ ಈ ಕರಗುವಿಕೆ ಇಲ್ಲ, ಗಾಳಿ ಇಲ್ಲ, ಹಿಮದ ಹೊದಿಕೆ ಇಲ್ಲ.

ಹಿಮದ ಹೊದಿಕೆಯೇ ಚೆರ್ರಿ-ಪ್ಲಮ್ಮಿನ ನಿಜವಾದ ಬಲ. ಪೊದೆ ಕುಳ್ಳಾದ್ದರಿಂದ ಕೆಳಗಿನ ಅರ್ಧ ಹಿಮದಡಿ ಮಲಗಿರುತ್ತದೆ. ಹೊರಗೆ ಮೈನಸ್ 35 ಇರುವ ರಾತ್ರಿಯೂ ಹಿಮದೊಳಗೆ ಅಷ್ಟು ಚಳಿ ಇಳಿಯುವುದಿಲ್ಲ. ಕೆಟ್ಟ ವರ್ಷದಲ್ಲಿ ಹಿಮದ ಗೆರೆಯ ಮೇಲಿನ ಮೊಗ್ಗುಗಳು ಸತ್ತು ಕೆಳಗಿನವು ಬದುಕುತ್ತವೆ; ಮೇಲಿನದೆಲ್ಲ ಬೋಳು, ಮೊಣಕಾಲಿನ ಕೆಳಗೆ ಹಣ್ಣು. ಇನ್ನೂ ಕೆಟ್ಟ ವರ್ಷದಲ್ಲಿ ಕಟ್ಟಿಗೆಯೇ ಸತ್ತರೂ ಬುಡದಿಂದ ಹೊಸ ಚಿಗುರು ಬರುತ್ತದೆ. ಹಣ್ಣು ಬಿಡುವುದು ಕಳೆದ ಬೇಸಿಗೆಯಲ್ಲಿ ಬೆಳೆದ ಟೊಂಗೆಯ ಮೇಲಾದ್ದರಿಂದ, ಈ ಬೇಸಿಗೆಯಲ್ಲಿ ಬೆಳೆದ ಚಿಗುರು ಮುಂದಿನ ಬೇಸಿಗೆಗೆ ಫಲ ಕೊಡಬಲ್ಲದು. ಸೇಬಿನ ಮರವೊಂದು ಚಳಿಗೆ ಸಿಕ್ಕಿ ಬುಡದವರೆಗೆ ಸತ್ತರೆ ಬೆಳೆಗಾರ ಹಲವು ವರ್ಷ ಹಿಂದಕ್ಕೆ ಹೋಗುತ್ತಾನೆ. ಇಲ್ಲಿ ನಷ್ಟ ಒಂದು ಸುಗ್ಗಿಯದು. ಬಯಲಿಗೆ ಬೇಕಿದ್ದದ್ದು ಎಂಥ ಚಳಿಯಲ್ಲೂ ಸಾಯದ ಗಿಡ ಮಾತ್ರವಲ್ಲ, ಸತ್ತಂತಾದರೂ ಬೇಗ ಎದ್ದು ಹಣ್ಣು ಬಿಡುವ ಗಿಡ. ನೆಟ್ಟ ಎರಡು-ಮೂರನೇ ವರ್ಷಕ್ಕೇ ಫಲ ಕೊಡುವ ಈ ಪೊದೆ, ನಾಳೆ ಏನಾದೀತೋ ಎಂದು ತಿಳಿಯದೆ ಹೊಸ ನೆಲಕ್ಕೆ ಬಂದ ಕುಟುಂಬಕ್ಕೆ ಎಂಥ ಆಸರೆಯಾಗಿದ್ದಿರಬೇಕೆಂದು ಯೋಚಿಸಿದರೆ ಹ್ಯಾನ್ಸನ್ ಬಗೆಹರಿಸಿದ ಸಮಸ್ಯೆಯ ಗಾತ್ರ ತಿಳಿಯುತ್ತದೆ.

ಇದಕ್ಕೆ ಒಂದು ಷರತ್ತಿದೆ. ಗಿಡ ತನ್ನ ಸ್ವಂತ ಬೇರಿನ ಮೇಲೆ ನಿಂತಿರಬೇಕು. ಎಳೆ ಕಡ್ಡಿ ನೆಟ್ಟೋ, ಟೊಂಗೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹುಗಿದು ಬೇರು ಬರಿಸಿಯೋ ಮಾಡಿದ ಗಿಡ ಬುಡದಿಂದ ಚಿಗುರಿದರೆ ಸಪಾ ಸಪಾ ಆಗಿಯೇ ಏಳುತ್ತದೆ. ಕಸಿ ಕಟ್ಟಿದ ಗಿಡ ಕಸಿಯ ಗಂಟಿನ ಕೆಳಗಿನವರೆಗೂ ಸತ್ತರೆ, ಮೇಲೇಳುವುದು ಕೆಳಗಿದ್ದ ಯಾವುದೋ ಕಾಡು ಪ್ಲಮ್. ನಾಲ್ಕು ವರ್ಷದ ಮೇಲೆ ಮುಳ್ಳುಗಿಡದಲ್ಲಿ ಹುಳಿಹಣ್ಣು ನೋಡಿದವರು ಸಪಾ ಕೆಟ್ಟ ತಳಿಯೆಂದು ಊರಿಗೆಲ್ಲ ಸಾರುತ್ತಾರೆ. ನರ್ಸರಿಯವರಿಗೆ ಕಸಿ ಅನುಕೂಲ, ಹಣ್ಣು ತಿನ್ನುವವರಿಗೆ ಸ್ವಂತ ಬೇರು ಅನುಕೂಲ.

ಮೂರನೆಯ ಆರೋಪ, ಆಯಸ್ಸು ಕಡಿಮೆ ಮತ್ತು ಫಲ ಅನಿಶ್ಚಿತ ಎಂಬುದು. ಇದರಲ್ಲಿ ಅರ್ಧ ಪಾಲು ನಮ್ಮ ತಪ್ಪು. ಇದನ್ನು ಮರವೆಂದುಕೊಂಡು ಒಂದು ಕಾಂಡ ಬಿಟ್ಟು, ಹಳೆ ಟೊಂಗೆ ಮುಟ್ಟದೆ ಬೆಳೆಸಿದರೆ ಐದಾರು ವರ್ಷದಲ್ಲಿ ಒಳಗೆಲ್ಲ ಒಣಕಟ್ಟಿಗೆ, ಗಾಯಗಳಲ್ಲಿ ಕೊಳೆರೋಗ, ಕಾಂಡಕೊರಕದ ಕಾಟ. ಪೊದೆಯಾಗಿ ಬಿಟ್ಟು, ಮೂರು-ನಾಲ್ಕು ವರ್ಷ ದಾಟಿದ ಟೊಂಗೆಗಳನ್ನು ವಸಂತದ ಮೊದಲಿಗೆ ನೆಲಮಟ್ಟಕ್ಕೆ ಸವರುತ್ತ ಹೋದರೆ, ಬುಡ ಹಳೆಯದಾದರೂ ಮೇಲಿನದೆಲ್ಲ ಸದಾ ಹೊಸದು. ಫಲ ನಿಲ್ಲದಿರುವುದಕ್ಕೆ ಕಾರಣ ಪರಾಗ. ಈ ಸಂಕರ ತಳಿಗಳು ತಮ್ಮದೇ ಪರಾಗಕ್ಕೆ ಕಾಯಿಕಟ್ಟುವುದಿಲ್ಲ. ಪಕ್ಕದಲ್ಲಿ ಕಾಡು ಪ್ಲಮ್ ಇದೆಯಲ್ಲ ಎಂದು ಸುಮ್ಮನಿದ್ದರೆ ಪ್ರಯೋಜನವಿಲ್ಲ, ಏಕೆಂದರೆ ಕಾಡು ಪ್ಲಮ್ ಅರಳಿ ಉದುರುವ ಹೊತ್ತಿಗೆ ಚೆರ್ರಿ-ಪ್ಲಮ್ ಅರಳುತ್ತದೆ. ಜತೆಗೆ ಒಂದು ಕಂಪಾಸ್ ಅಥವಾ ಒಂದು ಶುದ್ಧ ಸ್ಯಾಂಡ್ ಚೆರ್ರಿ ಇರಲೇಬೇಕು. ಹಳಬರಿಗೆ ಇದು ಗೊತ್ತಿತ್ತು. ಸಪಾ ಕೊಂಡವರು ಕಂಪಾಸನ್ನೂ ಒಯ್ಯುತ್ತಿದ್ದರು. ಇಂದು ಒಂಟಿ ಗಿಡ ಮಾರುತ್ತಾರೆ, ಒಂಟಿ ಗಿಡ ನೆಡುತ್ತಾರೆ, ಬಂಜೆ ಎಂಬ ಹೆಸರು ಗಿಡಕ್ಕೆ ಬರುತ್ತದೆ.

ಉಳಿದರ್ಧ ಆರೋಪವನ್ನು ನಾನು ಒಪ್ಪುತ್ತೇನೆ. ಮಳೆ ಹೆಚ್ಚಿರುವ, ಬೇಸಿಗೆಯಲ್ಲಿ ಗಾಳಿ ಜಿಗುಟಾಗಿರುವ ಕಡೆ ಹಣ್ಣು ಮಾಗುವ ಹೊತ್ತಿಗೆ ಕಂದುಕೊಳೆ ರೋಗ ಗೊಂಚಲುಗಟ್ಟಲೆ ತಿಂದುಹಾಕುತ್ತದೆ. ಒಣಮರಳಿನಲ್ಲಿ ಹುಟ್ಟಿದ ತಾಯಿಗೆ ಜೌಗು ಹಿಡಿಸುವುದಿಲ್ಲ, ಮಗುವಿಗೂ ಹಿಡಿಸುವುದಿಲ್ಲ. ಮಾಗಿದ ಹಣ್ಣು ಮೆತ್ತಗಾಗಿ ಬೇಗ ಕೆಡುವುದರಿಂದ ಲಾರಿಯಲ್ಲಿ ಸಾವಿರ ಮೈಲಿ ಹೋಗಲಾರದು. ಪೂರ್ವದ ತೇವದ ರಾಜ್ಯಗಳಲ್ಲಿ ಇದನ್ನು ನೆಡಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಒಂದು ಸೀಮೆಗೆಂದು ಮಾಡಿದ ಗಿಡ ಇನ್ನೊಂದು ಸೀಮೆಯಲ್ಲಿ ಸೋತದ್ದು ಅದರ ತವರಿನಲ್ಲಿ ಅದನ್ನು ತಿರಸ್ಕರಿಸಲು ಕಾರಣವಾಗಬಾರದು.

ಹೊಸ ಚೆರ್ರಿಗಳು ಬಂದಿರುವಾಗ ಇದೇಕೆ ಎಂಬ ಪ್ರಶ್ನೆಯೇ ವಿರೋಧಿಗಳ ಬಲವಾದ ವಾದ. ಸಸ್ಕಾಚೆವಾನ್ ವಿಶ್ವವಿದ್ಯಾಲಯ 1999ರಲ್ಲಿ ಕೊಟ್ಟ ಕಾರ್ಮೈನ್ ಜ್ಯುವೆಲ್, 2004ರಲ್ಲಿ ಕೊಟ್ಟ ರೋಮಿಯೋ, ಜೂಲಿಯೆಟ್, ಕ್ಯುಪಿಡ್ ಮೊದಲಾದ ಕುಳ್ಳು ಹುಳಿ ಚೆರ್ರಿಗಳು ನಿಜಕ್ಕೂ ಅದ್ಭುತ ಸಾಧನೆ. ಅವು ತಮ್ಮದೇ ಪರಾಗಕ್ಕೆ ಫಲ ಕೊಡುತ್ತವೆ, ಚಳಿಗೆ ಬಗ್ಗುವುದಿಲ್ಲ, ಹಣ್ಣಿನ ಗುಣವೂ ಉತ್ತಮ. ಆದರೆ ಅವುಗಳ ಹಿನ್ನೆಲೆ ನೋಡಿ. ಲೆಸ್ ಕೆರ್ ಎಂಬಾತ ಸಸ್ಕಟೂನ್‌ನಲ್ಲಿ ಆ ಸಂಕರದ ಕೆಲಸ ಶುರುಮಾಡಿದ್ದು 1940ರ ದಶಕದಲ್ಲಿ. ಅವನ ಗಿಡಗಳನ್ನು ಮುಂದಿನವರು ಕೈಬಿಡಲಿಲ್ಲ. ಹಲವರ ಕೈ ದಾಟಿ, ಸಾವಿರಾರು ಸಸಿ ಬೆಳೆಸಿ, ಆರಿಸಿ, ಅರ್ಧ ಶತಮಾನ ಕಳೆದ ಮೇಲೆ ಮೊದಲ ತಳಿ ಹೊರಬಂತು. ಚೆರ್ರಿ-ಪ್ಲಮ್ಮಿಗೆ ಆ ಭಾಗ್ಯ ಸಿಗಲಿಲ್ಲ. ಹ್ಯಾನ್ಸನ್‌ನ ಬಹುಪಾಲು ತಳಿಗಳು ಮೊದಲ ಪೀಳಿಗೆಯ ಸಂಕರಗಳು: ಅರ್ಧ ಕಾಡು, ಅರ್ಧ ನಾಡು. ಮಾರ್ಡನ್‌ನವರು ಸಪಾದ ಬೀಜ ಬಿತ್ತಿ ಮುಂದಿನ ಹೆಜ್ಜೆ ಇಟ್ಟರು, ಮ್ಯಾನರ್ ಬಂದದ್ದೇ ಹಾಗೆ. ಆಮೇಲೆ ರೈಲು, ಲಾರಿ, ಶೀತಲ ಗೋದಾಮುಗಳಿಂದ ಕ್ಯಾಲಿಫೋರ್ನಿಯಾದ ಪ್ಲಮ್ ಬಯಲಿನ ಪ್ರತಿ ಊರಿಗೂ ಬರತೊಡಗಿತು. ಜಾಮನ್ನು ಅಂಗಡಿಯಿಂದ ಕೊಳ್ಳುವ ಕಾಲವೂ ಬಂತು. ಈ ಹಣ್ಣಿನ ಮೇಲೆ ದುಡಿಯುವ ಕೈಗಳು ಕಡಿಮೆಯಾದವು. ಐವತ್ತು ವರ್ಷ ಸಾಣೆ ಹಿಡಿದ ಹಣ್ಣಿನ ಎದುರು ಮೊದಲ ಹಂತದಲ್ಲೇ ನಿಂತುಹೋದ ಹಣ್ಣನ್ನು ಇಟ್ಟು, ಗೆದ್ದದ್ದು ಯಾವುದು ಎಂದು ಕೇಳುವುದು ನ್ಯಾಯವಾದ ಸ್ಪರ್ಧೆಯಲ್ಲ. ಸಸ್ಕಾಚೆವಾನ್‌ನ ಯಶಸ್ಸು ಚೆರ್ರಿ-ಪ್ಲಮ್ಮಿಗೆ ವಿರುದ್ಧ ಸಾಕ್ಷಿಯಾಗುವುದಿಲ್ಲ. ಬಿಡದೆ ದುಡಿದರೆ ಬಯಲಿನ ಹಣ್ಣು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಅದು ಪುರಾವೆ. ಮೇಲಾಗಿ ಎರಡೂ ಬೇರೆ ಬೇರೆ ಹಣ್ಣು. ಹುಳಿ ಚೆರ್ರಿಯಲ್ಲಿ ಸಪಾದ ಗಟ್ಟಿ ತಿರುಳಾಗಲಿ, ಪ್ಲಮ್ಮಿನ ಪರಿಮಳವಾಗಲಿ ಇಲ್ಲ.

ಹವಾಮಾನ ಬಿಸಿಯಾಗುತ್ತಿರುವಾಗ ಚಳಿ ತಡೆಯುವ ತಳಿಗಳೇಕೆ ಎಂದೂ ಕೆಲವರು ಕೇಳುತ್ತಾರೆ. 2012ರಲ್ಲಿ ಮಿಷಿಗನ್‌ನಲ್ಲಿ ಆದದ್ದನ್ನು ನೆನೆಯಬೇಕು. ಆ ಮಾರ್ಚ್ ತಿಂಗಳು ಬೇಸಿಗೆಯಂತೆ ಬಿಸಿಯಾಯಿತು, ಚೆರ್ರಿ ಮರಗಳು ವಾರಗಟ್ಟಲೆ ಮುಂಚಿತವಾಗಿ ಎಚ್ಚರಗೊಂಡವು, ಏಪ್ರಿಲ್‌ನ ಹಿಮ ಮೊಗ್ಗುಗಳನ್ನೆಲ್ಲ ಸುಟ್ಟಿತು. ಹುಳಿ ಚೆರ್ರಿಯ ಬೆಳೆಯಲ್ಲಿ ಸುಮಾರು 90 ಪ್ರತಿಶತ ಹೋಯಿತು. ಸರಾಸರಿ ಚಳಿ ಕಡಿಮೆಯಾದರೂ ಏರಿಳಿತದ ಹೊಡೆತ ಕಡಿಮೆಯಾಗುವುದಿಲ್ಲ. ತಡವಾಗಿ ಅರಳುವ, ಬುಡದಿಂದ ಮತ್ತೆ ಏಳುವ, ಬರ ತಡೆಯುವ ಪೊದೆಯ ಬೆಲೆ ಇಂಥ ದಿನಗಳಲ್ಲಿ ಹೆಚ್ಚುತ್ತದೆ. ಕೆಲಸ ಮುಗಿಯಿತೆಂದು ನಾವು ಬದಿಗಿಟ್ಟ ಗುಣಗಳೇ ಮುಂದೆ ಬೇಕಾಗುವ ಗುಣಗಳು.

ಈ ಪೊದೆಯ ರಕ್ತ ಈಗಾಗಲೇ ನಾವು ಗಮನಿಸದ ಕಡೆಗಳಲ್ಲಿ ಓಡಾಡುತ್ತಿದೆ ಎನ್ನುವುದನ್ನೂ ಮರೆಯಬಾರದು. ಅಮೆರಿಕದ ಮನೆಗಳ ಮುಂದೆ ಅಲಂಕಾರಕ್ಕೆ ನೆಡುವ ನೇರಳೆ ಎಲೆಯ ಸಿಸ್ಟೀನಾ, ಹ್ಯಾನ್ಸನ್ 1910ರ ಸುಮಾರಿಗೆ ಕೊಟ್ಟ ಸ್ಯಾಂಡ್ ಚೆರ್ರಿ ಸಂಕರ. ಜರ್ಮನಿಯ ಗೈಸೆನ್‌ಹೈಮ್‌ನಲ್ಲಿ ಸ್ಯಾಂಡ್ ಚೆರ್ರಿಯ ಕುಲದಿಂದ ಆರಿಸಿದ ಪ್ಯುಮಿಸೆಲೆಕ್ಟ್, ಪೀಚ್ ಮತ್ತು ಏಪ್ರಿಕಾಟ್ ಮರಗಳನ್ನು ಕುಳ್ಳಾಗಿಸುವ ರೂಟ್‌ಸ್ಟಾಕ್ ಆಗಿ ಬಳಕೆಯಲ್ಲಿದೆ. ಎಲೆಗೆ ಬೇಕು, ಬೇರಿಗೆ ಬೇಕು, ಹಣ್ಣಿಗೆ ಮಾತ್ರ ಬೇಡ ಎಂಬ ನಿಲುವಿಗೆ ತರ್ಕವಿಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ, ತಾಳ್ಮೆ ಬೇಡುವಂಥದ್ದು ಅಷ್ಟೆ. ನರ್ಸರಿಗಳು ಸ್ವಂತ ಬೇರಿನ ಗಿಡಗಳನ್ನು, ಪರಾಗದ ಜೋಡಿಯೊಡನೆ, ಪೊದೆಯಾಗಿ ಸವರುವ ಕ್ರಮವನ್ನು ತಿಳಿಸಿ ಮಾರಬೇಕು. ಹಳೆಯ ತೋಟದ ಮನೆಗಳ ಹಿತ್ತಿಲಲ್ಲಿ ಅಳಿದುಳಿದಿರುವ ಒಪಾಟಾ, ಕಂಪಾಸ್, ಡ್ಯೂರಾಗಳಿಂದ ಕಡ್ಡಿ ತಂದು ಒಂದೆಡೆ ಕಾಪಾಡಬೇಕು. ಬಯಲಿನ ವಿಶ್ವವಿದ್ಯಾಲಯವೊಂದು ನೆಬ್ರಾಸ್ಕಾದಿಂದ ಮ್ಯಾನಿಟೋಬಾದವರೆಗಿನ ಕಾಡು ಸ್ಯಾಂಡ್ ಚೆರ್ರಿಯ ಬೀಜವನ್ನು ಹೊಸದಾಗಿ ಸಂಗ್ರಹಿಸಿ, ಒಗರು ಕಡಿಮೆಯಿರುವ, ಕಂದುಕೊಳೆಗೆ ಬಗ್ಗದ ಸಸಿಗಳನ್ನು ಆರಿಸಿ, ಎರಡನೇ ಮೂರನೇ ಪೀಳಿಗೆಯ ಸಂಕರಕ್ಕೆ ಇಳಿಯಬೇಕು. ಹುಳಿ ಚೆರ್ರಿಗೆ ಕೊಟ್ಟ ಐವತ್ತು ವರ್ಷವನ್ನು ಈ ಹಣ್ಣಿಗೂ ಕೊಡಲಿ. ತೀರ್ಪು ಹೇಳುವುದು ಅದಾದ ಮೇಲಿನ ಮಾತು. ಅಲ್ಲಿಯವರೆಗೆ, ಚಳಿಸೀಮೆಯಲ್ಲಿ ಹಿತ್ತಲಿರುವ ನಮ್ಮವರು ಯಾವ ಹಣ್ಣಿನ ಗಿಡ ನೆಡಲೆಂದು ಕೇಳಿದಾಗಲೆಲ್ಲ ನಾನು ಕೊಡುವ ಉತ್ತರ ಇದು: ಒಂದು ಸಪಾ, ಜತೆಗೊಂದು ಕಂಪಾಸ್, ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ.